ಕೊನೆಯ ಸಾಲಿನ ಮುಖ್ಯೋಪಾಧ್ಯಾಯಿನಿ

ನನ್ನ ಹೆಸರಿನ ಹಿಂದೆ ‘ಡಾ.’ ಎಂಬ ಒಂದಕ್ಷರವಿದೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಯಾರಿಗಾದರೂ ಮಂಡಿ ಹಿಡಿದುಕೊಂಡರೆ ಮೊದಲು ತಟ್ಟುವುದು ನನ್ನ ಬಾಗಿಲನ್ನೇ. ನನ್ನದು ಮದ್ದಿನ ಡಾಕ್ಟರಿಕೆಯಲ್ಲ, ಶೈಕ್ಷಣಿಕ ನಾಯಕತ್ವದ್ದು ಎಂದು ವಿವರಿಸುವಷ್ಟರಲ್ಲಿ ಅವರ ನೋವು ಇಮ್ಮಡಿಯಾಗಿರುತ್ತದೆ. ಹಾಗಂದರೇನು ಎಂದು ಕೇಳುವವರೂ ಉಂಟು. ಶಾಲೆ ಹೇಗೆ ನಡೆಸಬೇಕೆಂಬುದನ್ನು ಒಂದು ದಿನವೂ ಶಾಲೆ ನಡೆಸದವನು ಇನ್ನೂರು ಪುಟ ಬರೆದು ಹೇಳುವ ಶಾಸ್ತ್ರ ಎನ್ನುತ್ತೇನೆ. ಅವರು ನಗುತ್ತಾರೆ, ನಾನೂ ನಗುತ್ತೇನೆ. ಆದರೆ ಆ ಇನ್ನೂರು ಪುಟಗಳಿಂದ ಒಂದು ಶಾಲೆ ಮುಚ್ಚಿಹೋಯಿತು ಎಂಬುದನ್ನು ಅವರಿಗೆ ಹೇಳುವುದಿಲ್ಲ. ನಿಮಗೆ ಹೇಳುತ್ತೇನೆ.

ಹೈದರಾಬಾದಿಗೆ ಕಂಪ್ಯೂಟರಿನ ಹುಚ್ಚು ಹಿಡಿದಿದ್ದ ವರ್ಷಗಳವು. ನಾನು ಇಲ್ಲಿಯ ಒಂದು ಶಿಕ್ಷಕ ತರಬೇತಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ನನ್ನ ವಿದ್ಯಾರ್ಥಿಗಳು ಬೆಳಗ್ಗೆ ನನ್ನೆದುರು ಆಕಳಿಸಿ, ಸಂಜೆ ಅಮೀರ್‌ಪೇಟ್‌ನ ಕೋಚಿಂಗ್ ಸೆಂಟರುಗಳಲ್ಲಿ ಕಣ್ಣರಳಿಸಿ ಕೂರುತ್ತಿದ್ದರು. ಹೊಟ್ಟೆಕಿಚ್ಚಿಗೋ ಏನೋ, ನಾನೂ ಏನಾದರೂ ಸಾಧಿಸಬೇಕೆಂದು ಪಿಎಚ್.ಡಿ.ಗೆ ಸೇರಿದೆ. ‘ಲೀಡರ್‌ಶಿಪ್’ ಎಂಬ ಮಾತು ಆಗ ಕಂಪನಿಗಳಿಂದ ಶಾಲೆಗಳಿಗೂ ಹಬ್ಬಿತ್ತು. ಶಾಲಾ ಮುಖ್ಯಸ್ಥರ ನಾಯಕತ್ವವನ್ನು ಅಳೆಯುವುದು ನನ್ನ ವಿಷಯ. ಅಳತೆಗೋಲು ಒಂದು ಪ್ರಶ್ನಾವಳಿ. ಪ್ರತಿ ಪ್ರಶ್ನೆಯ ಮುಂದೆ ‘ಯಾವಾಗಲೂ’, ‘ಆಗಾಗ’, ‘ಎಂದೂ ಇಲ್ಲ’ ಎಂಬ ಮನೆಗಳು. ಯಾವುದಾದರೊಂದಕ್ಕೆ ಗುರುತು ಹಾಕಬೇಕು.

ಗಾಜಿನ ಗೋಡೆಗಳ ಒಂದು ದೊಡ್ಡ ಶಾಲೆಯ ಪ್ರಿನ್ಸಿಪಾಲರು ಫೋನಿನಲ್ಲಿ ಮಾತಾಡುತ್ತಲೇ, ನಾನು ಒಂದು ಕಾಫಿ ಮುಗಿಸುವುದರೊಳಗೆ, ಮೇಲಿಂದ ಕೆಳಗಿನವರೆಗೆ ‘ಯಾವಾಗಲೂ’ ಎಂದು ಗುರುತು ಹಾಕಿಬಿಟ್ಟರು. ಎಂಥ ನಾಯಕ ಎಂದು ನಾನು ಬೆರಗಾದೆ.

ಶಾಂತಾಬಾಯಿಯವರಿಗೆ ಅದೇ ಕಾಗದ ತುಂಬಲು ಎರಡು ದಿನ ಬೇಕಾಯಿತು. ಕೊಂಡಾಪುರದ ಹಳೆಯ ಊರಿನ ಅಂಚಿನಲ್ಲಿ, ಏಳುತ್ತಿದ್ದ ಆಫೀಸು ಕಟ್ಟಡಗಳ ನಡುವೆ, ಒಂದು ಟ್ರಸ್ಟು ನಡೆಸುತ್ತಿದ್ದ ಪುಟ್ಟ ಕನ್ನಡ ಶಾಲೆಗೆ ಅವರು ಮುಖ್ಯೋಪಾಧ್ಯಾಯಿನಿ. ಅವರ ಊರು ಬೀದರ್ ಕಡೆ. ಮಕ್ಕಳೆಲ್ಲ ರಾಯಚೂರು, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರವು. ಶಾಲೆ ನಿಗದಿತ ವೇಳೆಗೆ ಆರಂಭವಾಗುತ್ತದೆಯೇ ಎಂಬ ಪ್ರಶ್ನೆಗೆ ಅವರು ಪೆನ್ನು ಎತ್ತಿಹಿಡಿದು ಯೋಚಿಸಿದರು.

“ಇಲ್ರಿ ಸರ್. ನೀರಿನ ಟ್ಯಾಂಕರ್ ಬಂದ್ ಹೋದ ಮ್ಯಾಗ ಗಂಟಿ ಬಾರಸ್ತೀನಿ. ಹುಡುಗ್ರು ಕೊಡ ತುಂಬಿಟ್ಟು ಬರಬೇಕಲ್ರಿ. ಟ್ಯಾಂಕರಿಗೆ ಟೈಮ್ ಎಲ್ಲೈತಿ?”

‘ಎಂದೂ ಇಲ್ಲ’ಕ್ಕೆ ಗುರುತು ಬಿತ್ತು. ಸಿಬ್ಬಂದಿ ಸಭೆ ಕರೆಯುತ್ತೀರಾ?

“ಇರೋರ ಇಬ್ರು ಸರ್. ಒಂದ ಡಬ್ಬಿಯೊಳಗ ಉಣ್ತೀವಿ. ಸಭಾ ಅಂತ ಬ್ಯಾರೆ ಏನ್ ಕರೀಲಿ?”

ಮತ್ತೆ ‘ಎಂದೂ ಇಲ್ಲ’.

ಅವರೊಡನೆ ಒಂದು ಭಾನುವಾರ ಕಟ್ಟಡದ ಕೆಲಸ ನಡೆಯುವ ಕಡೆಗೆ ಹೋಗಿದ್ದೆ. ಒಂದು ಕಟ್ಟಡ ಮುಗಿದರೆ ಜನ ಗುಡಿಸಲು ಕಿತ್ತುಕೊಂಡು ಮತ್ತೊಂದು ಕಟ್ಟಡಕ್ಕೆ ಹೋಗಿಬಿಡುತ್ತಿದ್ದರು. ಅಲ್ಲಿಗೆ ಮಗುವಿನ ಓದು ಮುಗಿದಂತೆ. ಶಾಂತಾಬಾಯಿ ಹಾಗೆ ಬಿಡುತ್ತಿರಲಿಲ್ಲ. ಅಂದು ಅರ್ಧ ಎದ್ದ ಒಂದು ಕಟ್ಟಡದ ಕೆಳಗೆ ನಿಂತು, ತಲೆಯ ಮೇಲೆ ಸೆರಗು ಹೊದ್ದು, “ಮಲ್ಲವ್ವಾ! ಹುಡುಗಿ ಎಲ್ಲ್ಯಾಳ?” ಎಂದು ಕೂಗಿದರು. ಮೂರನೇ ಮಹಡಿಯಿಂದ ಸಿಮೆಂಟು ಮೆತ್ತಿದ ಮುಖವೊಂದು ಇಣುಕಿ, “ನಾಳಿಂದ ಕಳಸ್ತೀನ್ರಿ ಬಾಯಾರ” ಎಂದಿತು. ಸೋಮವಾರ ಹುಡುಗಿ ಕಂಕುಳಲ್ಲಿ ತಮ್ಮನನ್ನೂ ಎತ್ತಿಕೊಂಡು ಬಂದಳು. ಇದನ್ನು ನಾನು ಕಣ್ಣಾರೆ ಕಂಡೆ. ಆದರೆ ತಪ್ಪಿಸಿಕೊಂಡ ಮಕ್ಕಳನ್ನು ಹುಡುಕಿಕೊಂಡು ಹೋಗುತ್ತೀರಾ ಎಂಬ ಪ್ರಶ್ನೆ ನನ್ನ ಕಾಗದದಲ್ಲಿರಲಿಲ್ಲ. ಇಲ್ಲದ ಪ್ರಶ್ನೆಗೆ ಅಂಕವೂ ಇಲ್ಲ.

ಲೆಕ್ಕ ಹಾಕಿದಾಗ ಶಾಂತಾಬಾಯಿ ಕೋಷ್ಟಕದ ಕೊನೆಯ ಸಾಲಿನಲ್ಲಿದ್ದರು. ನನಗೆ ಚುರ್ರೆಂದಿತು. ಮಾರ್ಗದರ್ಶಕರಿಗೆ ಹೇಳಿದೆ. “ಅಂಕಿ ಹೇಳುವುದನ್ನು ಬರೆಯಿರಿ, ನಿಮಗನಿಸುವುದನ್ನಲ್ಲ” ಎಂದರು. ಸಲ್ಲಿಸುವ ದಿನ ಹತ್ತಿರವಾಗಿತ್ತು. ‘ದುರ್ಬಲ ನಾಯಕತ್ವ’ ಎಂದು ಬರೆದೆ. ಪ್ರಬಂಧದಲ್ಲಿ ಯಾರ ಹೆಸರೂ ಇರಲಿಲ್ಲ, ನಿಜ. ಆದರೆ ಶಾಲೆಯೊಳಗೆ ಬಿಟ್ಟುಕೊಂಡದ್ದಕ್ಕೆ ಪ್ರತಿಯಾಗಿ, ಅದೊಂದೇ ಶಾಲೆಯ ಬಗ್ಗೆ ಒಂದು ಪುಟದ ಸಾರಾಂಶವನ್ನು ಟ್ರಸ್ಟಿನ ಕಾರ್ಯದರ್ಶಿಗಳಿಗೆ ಕೊಡುವುದಾಗಿ ಒಪ್ಪಿದ್ದೆ. ಕೊಟ್ಟೆ. ಅವರು ಅದನ್ನು ಓದಿ ತಲೆದೂಗಿದ್ದು ಕಂಡು ಹಿಗ್ಗಿಯೂ ಹಿಗ್ಗಿದೆ.

ಅಬಿಡ್ಸ್‌ನಲ್ಲಿ ಪ್ರಬಂಧಕ್ಕೆ ರಟ್ಟು ಕಟ್ಟಿಸಿದೆ. ಪದವಿ ಬಂತು, ಕಾಲೇಜಿನಲ್ಲಿ ಶಾಲು ಹೊದಿಸಿದರು. ಆ ಸಮಾರಂಭಕ್ಕೆ ಬಂದಿದ್ದ ಕಾರ್ಯದರ್ಶಿಗಳು ನನ್ನ ಕೈ ಹಿಡಿದು ಕುಲುಕಿದರು.

“ನಿಮ್ಮಿಂದ ಭಾಳ ಉಪಕಾರ ಆತ್ರಿ ಡಾಕ್ಟರ್ ಸಾಹೇಬ್ರ. ಸಾಲಿ ಬಂದ್ ಮಾಡೂದಕ್ಕ ಕಮಿಟಿಯೊಳಗ ಇಬ್ರು ಒಪ್ಪಿರಲಿಲ್ಲ. ನಿಮ್ಮ ಕಾಗದ ಓದಿದೆ ನೋಡ್ರಿ, ಸುಮ್ಮನಾದ್ರು.”

ಆ ಜಾಗ ಕಂಪ್ಯೂಟರ್ ತರಬೇತಿಯವರಿಗೆ ಹೋಗುವುದಿತ್ತು.

“ನಾನು ಬರೆದದ್ದು ಅದಕ್ಕಲ್ಲ” ಎಂದೆ.

“ಮತ್ತ ಎದಕ್ಕ ಬರದ್ರಿ?” ಎಂದರು. ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ನಿಜವಾಗಿಯೂ ಕೇಳಿದರು.

ಮರುದಿನವೇ ಟ್ರಸ್ಟಿಗೆ ನಾಲ್ಕು ಪುಟದ ಪತ್ರ ಬರೆದೆ. ಟ್ಯಾಂಕರು, ಒಂದೇ ಡಬ್ಬಿಯ ಊಟ, ಮೂರನೇ ಮಹಡಿಯ ಮಲ್ಲವ್ವ, ಎಲ್ಲವನ್ನೂ ಬರೆದೆ. ನಾನು ಮೊದಲೇ ಬರೆಯಬೇಕಾಗಿದ್ದ ಪ್ರಬಂಧ ಅದು. ಉತ್ತರ ಬರಲಿಲ್ಲ. ಬೇಸಿಗೆ ರಜೆ ಮುಗಿದರೂ ಶಾಲೆ ತೆರೆಯಲಿಲ್ಲ. ಕೆಲವು ಮಕ್ಕಳು ತೆಲುಗು ಶಾಲೆಗೆ ಹೋದವಂತೆ. ಉಳಿದವು ಅಮ್ಮಂದಿರ ಹಿಂದೆ ಮರಳಿನ ಗುಡ್ಡೆಗಳ ಮೇಲೆ.

ಶಾಂತಾಬಾಯಿ ಊರಿಗೆ ಹೊರಡುವ ಮುಂಚೆ ಕಾಲೇಜಿಗೆ ಬಂದರು. ಬೈಯಲು ಬಂದಿರಬೇಕೆಂದು ಎದ್ದು ನಿಂತೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

“ನಮ್ಮ ಸಾಲಿ ನಿಮ್ಮ ಬುಕ್ಕಿನ್ಯಾಗ ಐತಿ ಅಂದ್ರು. ನೋಡಬೇಕಿತ್ರಿ.”

ಕೋಷ್ಟಕದ ಪುಟ ತೆರೆದು ಕೊಟ್ಟೆ. ಕೊನೆಯ ಸಾಲಿನ ಮೇಲೆ ನಿಧಾನವಾಗಿ ಬೆರಳಾಡಿಸಿದರು. ಅಲ್ಲಿ ಬರೀ ಅಂಕಿಗಳಿದ್ದವು.

“ಹುಡುಗ್ರ ಹೆಸರು ಇಲ್ಲೇನ್ರಿ?”

“ಇಲ್ಲ ಬಾಯಿಯವರೇ. ನನ್ನಿಂದ ದೊಡ್ಡ ತಪ್ಪಾಯಿತು.”

ಅವರು ಪುಸ್ತಕ ಮುಚ್ಚಿ, ಸೆರಗಿನಿಂದ ರಟ್ಟಿನ ಧೂಳೊರೆಸಿ ಮೇಜಿನ ಮೇಲಿಟ್ಟರು.

“ನೀವು ಕೇಳಿದ್ದಕ್ಕೆಲ್ಲ ಖರೇನ ಹೇಳೀನ್ರಿ ಸರ್. ಕೇಳಲಾರದ್ದು ನಾ ಹ್ಯಾಂಗ ಹೇಳ್ಲಿ?”

ಬಸ್ಸಿಗೆ ಹೊತ್ತಾಗುತ್ತದೆಂದು ಹೊರಟುಹೋದರು. ಮತ್ತೆ ಕಾಣಲಿಲ್ಲ.

ಈಗ ನಾನೇ ಸಂಶೋಧಕರಿಗೆ ಮಾರ್ಗದರ್ಶಕ. ಹುಡುಗರು ನನಗಿಂತ ಜಾಣರು, ಅವರ ಪ್ರಶ್ನಾವಳಿಗಳು ಕಂಪ್ಯೂಟರಿನಲ್ಲೇ ಹುಟ್ಟಿ ಕಂಪ್ಯೂಟರಿನಲ್ಲೇ ಎಣಿಕೆಯಾಗುತ್ತವೆ. ನನ್ನದು ಒಂದೇ ಹಟ: ಕೊನೆಯಲ್ಲೊಂದು ಖಾಲಿ ಹಾಳೆ ಇರಬೇಕು, ಅದರ ನೆತ್ತಿಯ ಮೇಲೆ ‘ನಾವು ಏನನ್ನು ಕೇಳಲಿಲ್ಲ?’ ಎಂದಿರಬೇಕು. ಮೊನ್ನೆ ಒಬ್ಬಳು ತಕರಾರು ತೆಗೆದಳು.

“ಸರ್, ಈ ಹಾಳೆಗೆ ಅಂಕ ಕೊಡೋದು ಹೇಗೆ?”

“ಕೊಡಬೇಡಮ್ಮ” ಎಂದೆ. “ಕೂತು ಓದು.”