ಮೊಸಳೆರಾಜನಿಗೆ ಚರಗ

ಮೊನ್ನೆ ಹುಬ್ಬಳ್ಳಿಯ ಹಳೆಯ ಪುಸ್ತಕದಂಗಡಿಯಲ್ಲಿ ಮಕ್ಕಳ ಮಾಸಪತ್ರಿಕೆಯೊಂದನ್ನು ಬಿಡಿಸಿದೆ. ಮುಗ್ಗಲು ಕಾಗದದ ವಾಸನೆ ಬಡಿಯಿತು. ಒಳಗೆ ಮೊಸಳೆರಾಜನ ಚಿತ್ರವಿತ್ತು...

ಅರವತ್ತರ ದಶಕದ ಮೊದಲ ವರ್ಷಗಳು. ಅಪ್ಪ ದಾಂಡೇಲಿಯ ಗಿರಣಿಯಲ್ಲಿದ್ದರು. ನಾನು ಧಾರವಾಡದ ಕಾಲೇಜಿನಿಂದ ರಜೆಗೆ ಬರುತ್ತಿದ್ದೆ. ಪಕ್ಕದ ಮನೆಯಲ್ಲಿ ಶಾಲೆಯಲ್ಲಿ ಕಲಿಸುವ ಅಕ್ಕೋರು ಒಬ್ಬರೇ ಇದ್ದರು. ರವಿವಾರ ಮಕ್ಕಳನ್ನೆಲ್ಲ ಕಟ್ಟೆಯ ಮೇಲೆ ಕೂರಿಸಿಕೊಂಡು ಪತ್ರಿಕೆಯ ಮಾಂತ್ರಿಕ ಧಾರಾವಾಹಿ ಓದುತ್ತಿದ್ದರು. ರಾಜಕುಮಾರಿ, ಅವಳನ್ನು ನುಂಗಲು ಕಾದ ಮೊಸಳೆರಾಜ... ನನ್ನ ಪುಟ್ಟ ತಂಗಿಗೆ ತಿಂಗಳಿಡೀ ಅದೇ ಧ್ಯಾನ.

ಕೊನೆಯ ಕಂತಿನಲ್ಲಿ ಎಲ್ಲವೂ ಬರೀ ಕನಸೆಂದು ಅಚ್ಚಾಗಿತ್ತು. ಕಾದು ಕೂತ ಮಕ್ಕಳಿಗೆ ಅದನ್ನು ಓದಲು ಅಕ್ಕೋರಿಗೆ ಮನಸ್ಸಾಗಲಿಲ್ಲ. ತಾವೇ ಒಂದು ಕೊನೆ ಕಟ್ಟಿದರು: ರಾಜಕುಮಾರಿ ಹೊಳೆಗೆ ಚರಗ ಚೆಲ್ಲುತ್ತಾಳೆ, ಮೊಸಳೆರಾಜ ಮಣಿದು ಅವಳನ್ನು ಬೆನ್ನ ಮೇಲೆ ಕೂರಿಸಿಕೊಳ್ಳುತ್ತಾನೆ. ಶೀಗಿಹುಣ್ಣಿಮೆಗೆ ಹೊಲದ ತುಂಬ ಅನ್ನ, ಕಡಬು ಚೆಲ್ಲುವ ನಮ್ಮ ಕಡೆಯ ಪದ್ಧತಿಯದು. ಮಕ್ಕಳು ಕುಣಿದಾಡಿದರು.

ಮುಂದಿನ ವಾರವೇ ಶೀಗಿಹುಣ್ಣಿಮೆ. ದಾಂಡೇಲಿಯಲ್ಲಿ ನಮಗೆಲ್ಲಿಯ ಹೊಲ? ಓಣಿಯವರೆಲ್ಲ ಬುತ್ತಿ ಕಟ್ಟಿಕೊಂಡು ಕಾಳಿ ಹೊಳೆಯ ದಂಡೆಗೆ ಹೋದೆವು. ಊಟದ ಗದ್ದಲದಲ್ಲಿ ತಲೆಯೆತ್ತಿದರೆ, ತಂಗಿ ಮೊಣಕಾಲುದ್ದ ನೀರಿನಲ್ಲಿ ನಿಂತು ಕಡಬು ಎಸೆಯುತ್ತಿದ್ದಾಳೆ.

"ಬಾರೋ ರಾಜಾ, ಬಾ!"

ಬಂಡೆಯೆಂದುಕೊಂಡದ್ದು ಜಾರಿ ನೀರಿಗಿಳಿಯಿತು. ನಾನು ಏಳುವಷ್ಟರಲ್ಲಿ ಅಕ್ಕೋರು ಉಟ್ಟ ಸೀರೆಯಲ್ಲೇ ಧುಮುಕಿ, ಅವಳ ಜಡೆ ಹಿಡಿದು ಎಳೆದರು. ಹಿಂದೆಯೇ ದವಡೆ ಬಡಿದ ಸದ್ದು... ಈಗಲೂ ನಿದ್ದೆಯಿಂದ ಎಬ್ಬಿಸುತ್ತದೆ.

ತಂಗಿ ಎಚ್ಚರ ತಪ್ಪಿದ್ದಳು. ಅವ್ವ ಅವಳನ್ನು ಕಿತ್ತುಕೊಂಡು ಚೀರಿದಳು, "ಎಂಥಾ ಸುಡಗಾಡು ಕತಿ ಹೇಳೀರಿ ನಮ್ಮ ಕೂಸಿಗೆ? ಹಡದಿದ್ರ ಗೊತ್ತಾಗ್ತಿತ್ತು ನಿಮಗ!"

ಅಕ್ಕೋರ ಮೊಣಕೈಯಿಂದ ರಕ್ತ ಇಳಿಯುತ್ತಿತ್ತು. ಯಾರೂ ಅವ್ವನನ್ನು ತಡೆಯಲಿಲ್ಲ.

ಆ ರವಿವಾರ ಅಕ್ಕೋರು ಅಚ್ಚಾದ ಕೊನೆಯನ್ನು ಓದಿದರು.

"ಥೂ, ಬರೇ ಕನಸು! ಇದಕ್ಕ ಕಾದ್ವೇನ್ರಿ ಇಷ್ಟ ದಿನಾ?" ಎಂದನೊಬ್ಬ ಹುಡುಗ.

"ಹಂಗಾರ ರಾಜಾ ಇಲ್ಲೇನ್ರಿ, ಅಕ್ಕೋರ?" ತಂಗಿ ಕೇಳಿದಳು.

"ಇಲ್ಲವ್ವಾ. ನಾ ಸುಳ್ಳ ಹೇಳಿದ್ದೆ."

ಮಕ್ಕಳು ಒಬ್ಬೊಬ್ಬರಾಗಿ ಎದ್ದುಹೋದರು. ಮತ್ತೆಂದೂ ಆ ಕಟ್ಟೆ ತುಂಬಲಿಲ್ಲ. ಬೇಸಿಗೆಗೆ ಅಕ್ಕೋರು ಹಳಿಯಾಳಕ್ಕೆ ವರ್ಗ ಮಾಡಿಸಿಕೊಂಡರು; ಬೀಳ್ಕೊಡಲು ನಮ್ಮ ಮನೆಯಿಂದ ಯಾರೂ ಹೊರಬರಲಿಲ್ಲ. ಅಲ್ಲಿಯೇ ತೀರಿಕೊಂಡರೆಂದು ಬಹಳ ವರ್ಷಗಳ ಮೇಲೆ ತಿಳಿಯಿತು.

ಮೊನ್ನೆ ಸಂಜೆ ತಂಗಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಅವಳು ತಡವರಿಸಿ ಕೇಳಿದಳು, "ಅಣ್ಣಾ, ಅವತ್ತ ನನ್ನ ಎಳಕೊಂಡ್ ಬಂದಾಕಿ ಅವ್ವ ಅಲ್ಲೇನು?"

ಅವ್ವ ಮನೆಯಲ್ಲಿ ಹಾಗೆಯೇ ಹೇಳುತ್ತ ಬಂದಿದ್ದಳು. ನಾವೆಲ್ಲ ಕೇಳುತ್ತ ಕೂತಿದ್ದೆವು.

"ಅಲ್ಲ ತಂಗಿ, ಅಕ್ಕೋರು," ಎಂದೆ. ಆ ಮಾತು ಕೇಳಬೇಕಾದವರು ಈಗ ಇಲ್ಲ...