ಏಳನೇ ಕೋಣೆಯ ದಾಖಲೆ

ಇದು ನಡೆದದ್ದೇ. ಹೇಳಬೇಕೆಂದು ಆರು ವರ್ಷದಿಂದ ಅಂದುಕೊಳ್ಳುತ್ತಾ ಮುಂದೂಡಿದೆ. ಹೆದರಿಕೆಗಿಂತ ನಾಚಿಕೆಯೇ ಕಾರಣ.

ಕಾಶಿಯ ಹನುಮಾನ್ ಘಾಟಿನಲ್ಲಿ, ನಮ್ಮ ಕಡೆಯ ಯಾತ್ರಿಕರು ಇಳಿಯುವ ವಸತಿಗೃಹವೊಂದರಲ್ಲಿ ನಾನು ಗುಮಾಸ್ತನಾಗಿದ್ದೆ. ಎಸ್ಸೆಸ್ಸೆಲ್ಸಿ ಓದಿದವನೆಂದು ಅಲ್ಲಿಯ ಹಳೆಯ ಕಂಪ್ಯೂಟರ್ ನನ್ನ ಪಾಲಿಗೆ ಬಂತು. ಅದರ ಪ್ರೋಗ್ರಾಂ ಬರೆದವರು ಎಲ್ಲಿದ್ದಾರೋ ಯಾರಿಗೂ ಗೊತ್ತಿರಲಿಲ್ಲ. ಕೋಣೆಗಳ ಪಟ್ಟಿ ತೆಗೆಯಲು ಹೋದಾಗಲೆಲ್ಲ ಒಂದೇ ಎರರ್: ಏಳನೇ ಕೋಣೆ, ಬಿಟ್ಟ ದಿನಾಂಕ ಇಲ್ಲ.

ಅಲ್ಲಿದ್ದ ಅಜ್ಜಿ ಕಾಶಿಯಲ್ಲೇ ಕಣ್ಣು ಮುಚ್ಚಲು ಬಂದವರು. ಬಿಟ್ಟ ದಿನವನ್ನು ಎಲ್ಲಿಂದ ತರಲಿ? ಒಂದು ದಿನ ರೇಗಿ, ‘ನಿಧನ’ ಎಂಬುದನ್ನು ಒತ್ತಿ ಅಂದಿನ ತಾರೀಖು ಹಾಕಿದೆ. ಎರರ್ ಹೋಯಿತು. ದುರಸ್ತಿ ಮಾಡಿದೆನೆಂದು ಬೀಗಿದೆ.

ನಾನಿಲ್ಲದ ಹೊತ್ತು ಊರಿನಿಂದ ಅಜ್ಜಿಯ ತಮ್ಮ ಫೋನ್ ಮಾಡಿದರು. ಹೊಸ ಮ್ಯಾನೇಜರ್ ಪರದೆ ನೋಡಿ, ತೀರಿಕೊಂಡಿದ್ದಾರೆ ಎಂದುಬಿಟ್ಟ. ಊರಲ್ಲಿ ಕರ್ಮ ಮುಗಿದೇ ಹೋಯಿತು. ವಿಷಯ ತಿಳಿದು ನಾವು ಫೋನ್ ಮಾಡಿದರೆ, ಯಾರಿಗೆ ಪಿಂಡ ಇಟ್ಟೆವೋ ಅವರ ಜೊತೆ ಮಾತಾಡುವುದು ಹೇಗೆ ಎಂದು ತಮ್ಮ ಅಳುಕಿದರು. ಊರಿನಿಂದ ಅಜ್ಜಿಗಿದ್ದದ್ದು ಅದೊಂದೇ ದನಿ; ಅದೂ ನಿಂತಿತು.

ಅಜ್ಜಿ ನನ್ನನ್ನು ಕರೆಸಿದರು. “ಭಟ್ಟರೇ, ಇವತ್ತು ಮಧ್ಯಾಹ್ನ ನನಗೆ ಎಲೆ ಹಾಕ್ತೀರೋ, ಕಾಗೆಗೆ ಇಟ್ಟರೆ ಸಾಕೋ?”

ಮೆಷೀನಿನ ತಪ್ಪು ಎಂದೆ.

ಆ ರಾತ್ರಿ ಬಾಗಿಲು ಹಾಕಿಕೊಂಡು ತಿದ್ದಲು ಕೂತೆ. ಪರದೆಯ ಮೇಲೆ ಬಂತು: ‘ಈ ದಾಖಲೆಯನ್ನು ಇನ್ನೊಬ್ಬರು ತೆರೆದಿದ್ದಾರೆ. ಕಾಯಿರಿ.’

ನಮ್ಮಲ್ಲಿದ್ದದ್ದು ಒಂದೇ ಕಂಪ್ಯೂಟರ್. ಬೇರಾವುದಕ್ಕೂ ಅದರ ತಂತಿ ಸೇರಿರಲಿಲ್ಲ. ಆರಿಸಿ ಮತ್ತೆ ಹಚ್ಚಿದೆ... ಅದೇ. ಅದರ ಫ್ಯಾನಿನ ಸದ್ದಿನೊಳಗೆ ಯಾರೋ ಉಸಿರೆಳೆದ ಹಾಗೆ... ಒದ್ದೆ ಹತ್ತಿಸೀರೆಯ ವಾಸನೆ, ತೀರ ಹತ್ತಿರ.

ಮೇಲಕ್ಕೆ ಓಡಿದೆ. ಅಜ್ಜಿ ಹಾಸಿಗೆಯಲ್ಲಿ ಎಚ್ಚರವಾಗಿದ್ದರು. ಮಂಡಿ ಹಿಡಿದು ವರ್ಷವಾಗಿತ್ತು, ಮೆಟ್ಟಿಲು ಇಳಿಯಲಾರರು.

“ಈಗಷ್ಟೇ ಕೆಳಗೆ ಬಂದಿದ್ದೆ,” ಎಂದರು ಮೆಲ್ಲಗೆ. “ನಿಮ್ಮ ಬೆನ್ನ ಹಿಂದೇ ನಿಂತಿದ್ದೆ. ತಿರುಗಲೇ ಇಲ್ಲ ನೀವು.”

ತಪ್ಪು ನನ್ನದೆಂದು ಆಗಲೇ ಹೇಳಬೇಕಿತ್ತು. ನೀರು ಬೇಕೇ ಎಂದು ಕೇಳಿ ಇಳಿದುಬಂದೆ.

ಬೆಳಿಗ್ಗೆ ದಾಖಲೆ ಸಲೀಸಾಗಿ ತೆರೆಯಿತು. ತಾರೀಖಿನ ಜಾಗ ಖಾಲಿ... ನಾನು ಅಳಿಸಿರಲಿಲ್ಲ.

ಶಿವರಾತ್ರಿ ಕಳೆದು ಅವರು ನಿಜವಾಗಿ ತೀರಿಕೊಂಡರು. ಅವರ ತಮ್ಮನಿಗೆ ತಿಳಿಸಿದೆ. “ನಮ್ಮಲ್ಲಿ ಅದು ಆಗಿಹೋಗಿದೆ,” ಎಂದು ಫೋನ್ ಇಟ್ಟರು. ಹರಿಶ್ಚಂದ್ರ ಘಾಟಿನಲ್ಲಿ ಕೊಳ್ಳಿ ಇಟ್ಟವನು ನಾನು. ಆಗಲೂ ತಪ್ಪು ಒಪ್ಪಿಕೊಳ್ಳಲಿಲ್ಲ.

ಅಂದು ದಾಖಲೆ ತೆರೆದವರು ಯಾರೋ, ಇಂದಿಗೂ ತಿಳಿಯದು. ನಾನು ಕ್ಷಮೆ ಕೇಳದೆ ಕಳಿಸಿಕೊಟ್ಟವರ ಹೆಸರು ಮಾತ್ರ ಗೊತ್ತು. ತುಂಗಮ್ಮ.