ಹೇಸರಗತ್ತೆ ದಳದ ಮೇಲೆ ನಾನು ತಂದ ಮಸೂದೆ

ಆಗ ನನಗೆ ನನ್ನದೇ ಆದ ಕನ್ನಡ ಇರಲಿಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಮರಾಠಿ, ಮುಂಬೈ ಹತ್ತಿರದ ಡೊಂಬಿವಲಿಯ ಗಲ್ಲಿಯಲ್ಲಿ ಹಿಂದಿ. ಕನ್ನಡ ಬರುತ್ತಿದ್ದದ್ದು ಯಾರನ್ನಾದರೂ ಅಣಕಿಸುವಾಗ ಮಾತ್ರ: ಅಪ್ಪನ ಹೋಟೆಲಿನ ಮ್ಯಾನೇಜರ್, ಕನ್ನಡ ಸಂಘದ ಕಾರ್ಯದರ್ಶಿ, ಭಜನೆಯಲ್ಲಿ ಶ್ರುತಿ ತಪ್ಪುವ ನಮ್ಮ ಅತ್ತೆ. ಇನ್ನೊಬ್ಬರ ಗಂಟಲು ಸಿಕ್ಕರೆ ಗಂಟೆಗಟ್ಟಲೆ ಮಾತಾಡುತ್ತಿದ್ದೆ. ಸ್ವಂತ ಗಂಟಲಲ್ಲಿ ‘ಊಟ ಆಯ್ತಾ’ ದಾಟಿ ಗಾಡಿ ಮುಂದೆ ಹೋಗುತ್ತಿರಲಿಲ್ಲ.

ಇಂಥವನನ್ನು ಸಂಘದವರು ರಕ್ಷಣಾ ಸಚಿವನನ್ನಾಗಿ ಮಾಡಿದರು. ಪಕ್ಕದ ಕಲ್ಯಾಣ ಊರಿನ ಹಾಲ್‌ನಲ್ಲಿ ಕಾಲೇಜು ಹುಡುಗ ಹುಡುಗಿಯರ ಅಣಕು ಸಂಸತ್ತಿನ ಸ್ಪರ್ಧೆ. ದೇಶವೂ ಕಲ್ಪನೆಯದೇ, ತುಂಬ ಬೆಟ್ಟ, ಸ್ವಲ್ಪ ಜನ. ಅದರ ಹೆಸರಿನ ಬಗ್ಗೆ ಕರಾವಳಿಯವರಿಗೂ ಧಾರವಾಡದ ಕಡೆಯವರಿಗೂ ಒಮ್ಮತ ಬಾರದೆ ಕೊನೆಯವರೆಗೂ ‘ಸದರಿ ದೇಶ’ ಎಂದೇ ಉಳಿಯಿತು. ಸದರಿ ದೇಶದ ಸೈನ್ಯವನ್ನು ಆಧುನಿಕಗೊಳಿಸುವ ಮಸೂದೆ ನಾನು ಮಂಡಿಸಬೇಕು.

ಬರೆಯಲು ನೆರವಾದವರು ಬಿಜಾಪುರದ ಕಡೆಯ ಒಬ್ಬ ಕಾಕಾ. ಸೈನ್ಯದಿಂದ ನಿವೃತ್ತರಾಗಿ ಬೇಲಾಪುರದ ಕಚೇರಿಯೊಂದರಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್ ಆಗಿದ್ದರು. ಅವರ ಸರ್ವಿಸೆಲ್ಲ ಹೇಸರಗತ್ತೆಗಳ ಜೊತೆ, ಬೆಟ್ಟದ ಚೌಕಿಗಳಿಗೆ ರೇಷನ್ ಮುಟ್ಟಿಸುವುದರಲ್ಲಿ ಕಳೆದಿತ್ತು. ಸಂಘದಲ್ಲಿ ಅವರ ಬೆನ್ನ ಹಿಂದೆ ‘ಕತ್ತೆ ಕಾಯ್ದ ಜವಾನ’ ಎನ್ನುತ್ತಿದ್ದರು. ಬೆನ್ನ ಹಿಂದೆ ಎಂದರೆ ಎರಡಡಿ ಹಿಂದೆ, ಅವರಿಗೆ ಕೇಳಿಸುತ್ತಿತ್ತು. ಆ ಮಾತನ್ನು ಅವರದೇ ಧ್ವನಿಯಲ್ಲಿ ಹೇಳಿ ಎಲ್ಲರನ್ನೂ ನಗಿಸುತ್ತಿದ್ದವನು ನಾನು. ಚಹಾ ಹೊತ್ತಿನಲ್ಲಿ ಅವರು ಬೆಟ್ಟದ ಕತೆ ಹೇಳುವಾಗಲೂ ನನ್ನ ಗಮನ ಕತೆಯ ಮೇಲಿರಲಿಲ್ಲ, ಧ್ವನಿಯ ಏರಿಳಿತ ಕದಿಯುತ್ತಿದ್ದೆ.

ಒಂಬತ್ತನೆಯ ಕಲಮನ್ನು ಸೇರಿಸಿದವರು ಕಾರ್ಯದರ್ಶಿ: ಹೇಸರಗತ್ತೆ ದಳವನ್ನು ನಿರುಪಯುಕ್ತವೆಂದು ವಿಸರ್ಜಿಸಿ ಹೆಲಿಕಾಪ್ಟರ್ ನಿಯೋಜಿಸತಕ್ಕದ್ದು. ಕಾಕಾ ಪೆನ್ನು ಕೆಳಗಿಟ್ಟರು.

“ತಮ್ಮಾ, ಇದನ್ನ ಓದಾಂವ ನೀನs ಏನು?”

“ಹಾಂ ಕಾಕಾ. ಮಂತ್ರಿ ಮೈಂಚ್ ಹೂಂ ನಾ.”

“ಎಲ್ಲಾರ ಮುಂದ?”

“ಮೈಕ್ ಪೇ.”

“ನಿರುಪಯುಕ್ತ ಅಂತ.” ಆ ಪದದ ಮೇಲೆ ಬೆರಳಾಡಿಸಿದರು. “ಓದು ಹಂಗಾರ.” ಪೆನ್ನು ಎತ್ತಿಕೊಂಡು ಹತ್ತನೆಯ ಕಲಮಿಗೆ ಹೋದರು.

ಸಂಸತ್ತಿನ ದಿನ ಅವರು ಮೂರನೇ ಸಾಲಿನಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿದ್ದರು. ನಾನು ಒಂಬತ್ತನೆಯ ಕಲಮನ್ನೂ ಓದಿದೆ. ಅವರ ಕಡೆ ನೋಡಲಿಲ್ಲ. ವಿರೋಧ ಪಕ್ಷದಿಂದ ಕಾಮೋಠೆ ಊರಿನ ಹುಡುಗಿಯೊಬ್ಬಳು ಎದ್ದಳು.

“ಮಾನ್ಯ ಸಚಿವರೇ, ಮಂಜು ಕವಿದು ಹೆಲಿಕಾಪ್ಟರ್ ಏಳದ ದಿನ ಚೌಕಿಯವರು ಏನು ತಿನ್ನಬೇಕು?”

ಹಾಳೆಯಲ್ಲಿ ಉತ್ತರವಿರಲಿಲ್ಲ. ಹಾಳೆ ಮುಗಿದಲ್ಲಿಗೆ ನನ್ನ ಕನ್ನಡವೂ ಮುಗಿಯುತ್ತಿತ್ತು. ಸೈನ್ಯದ ವಿಷಯ ಮಾತಾಡಬಲ್ಲ ಗಂಟಲು ನನ್ನ ಬಳಿ ಒಂದೇ ಇತ್ತು. ಕಾಕಾ ನಿಲ್ಲುವ ಹಾಗೆ ಎದೆ ಸೆಟೆಸಿ ಎಡಗೈ ಬೆನ್ನಿಗೆ ಕಟ್ಟಿದೆ. ಬಾಯಿ ತೆರೆಯುವ ಮೊದಲೇ ಹಾಲ್ ನಗತೊಡಗಿತು.

“ಹೆಲಿಕಾಪ್ಟರ್ ಹವಾ ನೋಡತದ್ರೀ. ಹೇಸರಗತ್ತಿ ನೋಡಂಗಿಲ್ಲ. ಹಿಮದಾಗ ದಾರಿ ಕಾಣಲಿಲ್ಲಂದ್ರ ಮನಷಾ ನಿಲ್ತಾನ. ಅದು ಕಾಲಿಲೇ ಹುಡಿಕ್ಕೋತ ಹೋಗತದ. ಅದರ ಬಾಲಾ ಹಿಡಕೊಂಡು ನಾವು ಹೋಗೇವಿ. ಮ್ಯಾಲಿನವರು ಉಂಡಾರ.”

ನಗು ಯಾವಾಗ ನಿಂತಿತೋ ಗೊತ್ತಾಗಲಿಲ್ಲ. ಸಭಾಧ್ಯಕ್ಷರಾಗಿದ್ದ ಬ್ಯಾಂಕ್ ಮ್ಯಾನೇಜರ್ ಕನ್ನಡಕ ತೆಗೆದರು.

“ಸಚಿವರು ತಮ್ಮ ಕಲಮನ್ನು ತಾವೇ ವಿರೋಧಿಸುತ್ತಿದ್ದಾರೆಯೆ?”

“ಹಂಗs ಕಾಣ್ತದ್ರೀ,” ಎಂದೆ. ಆ ಧ್ವನಿಯಿಂದ ಇಳಿಯಲು ಬೇರೆ ಸ್ಟೇಷನ್ ಸಿಗಲಿಲ್ಲ.

ನನ್ನ ಬೆಂಚಿನವರೇ ಕೈ ಎತ್ತಿ ಒಂಬತ್ತನೆಯ ಕಲಮನ್ನು ಬೀಳಿಸಿದರು. ಉಳಿದದ್ದು ಪಾಸಾಯಿತು. ಬಹುಮಾನ ಕಾಮೋಠೆಯ ಹುಡುಗಿಗೆ ಹೋಯಿತು.

ಹೊರಗೆ ಕಾರ್ಯದರ್ಶಿ ನನ್ನನ್ನು ಕಾಣದವರ ಹಾಗೆ ರಿಕ್ಷಾ ಹತ್ತಿದರು. ಕಾಕಾ ಮೆಟ್ಟಿಲಿಳಿದು ಬಂದರು.

“ಬಾಲಾ ಹಿಡಕೊಳ್ಳಂಗಿಲ್ಲ, ತಮ್ಮಾ. ಒದೀತದ. ಜೀನಿನ ಪಟ್ಟಾ ಹಿಡಕೋತಾರ.”

“ಸಾರಿ ಕಾಕಾ.”

“ಇರಲಿ. ನಾಳೆ ಮನೀಗೆ ಬಾ. ನಮ್ಮಾಕಿ ಇವತ್ತ ಬಂದಿಲ್ಲ. ಆಕೀ ಮುಂದ ಇನ್ನೊಮ್ಮೆ ಹೇಳು, ನಾ ಹೇಳಿದ್ರ ಆಕಿ ಕೇಳಂಗಿಲ್ಲ.” ಎರಡು ಹೆಜ್ಜೆ ಹೋಗಿ ತಿರುಗಿದರು. “ಪಟ್ಟಾ ಅಂತ ಹೇಳು.”